ಆರ್ಕಿಟೆಕ್ಟ್ಸ್ ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಮೆಟಲ್‌ಕೋರ್ ಬ್ಯಾಂಡ್ ಆರ್ಕಿಟೆಕ್ಟ್ಸ್ ಬಗ್ಗೆ ಹೊಸಬರು ಕೇಳುವ ಪ್ರಶ್ನೆಗಳೂ ಹಳಬರು ಜಗಳ ಆಡುವ ಪ್ರಶ್ನೆಗಳೂ ಇಲ್ಲಿವೆ. ಉತ್ತರದಲ್ಲಿ ಮಾಹಿತಿಯ ಜೊತೆ ನನ್ನ ಅಭಿಪ್ರಾಯವೂ ಸೇರಿದೆ. ಒಪ್ಪದಿದ್ದರೆ ಪರವಾಗಿಲ್ಲ. ಈ ಬ್ಯಾಂಡಿನ ಅಭಿಮಾನಿಗಳು ಒಬ್ಬರ ಮಾತನ್ನೊಬ್ಬರು ಪೂರ್ತಿ ಒಪ್ಪಿದ್ದನ್ನು ನಾನಂತೂ ನೋಡಿಲ್ಲ.

ಯಾರು ಇವರು? ಯಾವಾಗ ಶುರುವಾಯಿತು?

ಬ್ರೈಟನ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು. ಅಲ್ಲಿ 2004ರಲ್ಲಿ ಟಾಮ್ ಸರ್ಲ್ ಮತ್ತು ಡ್ಯಾನ್ ಸರ್ಲ್ ಎಂಬ ಅವಳಿ ಅಣ್ಣತಮ್ಮಂದಿರು ಈ ಬ್ಯಾಂಡ್ ಕಟ್ಟಿದರು. ಟಾಮ್ ಗಿಟಾರ್, ಡ್ಯಾನ್ ಡ್ರಮ್ಸ್. ಮೊದಲ ಆಲ್ಬಮ್ 'ನೈಟ್‌ಮೇರ್ಸ್' 2006ರಲ್ಲಿ ಬಂತು. ಅದರಲ್ಲಿ ಹಾಡಿದವರು ಮ್ಯಾಟ್ ಜಾನ್ಸನ್. ಅವರು ಬಿಟ್ಟ ಮೇಲೆ 2007ರಲ್ಲಿ ಸ್ಯಾಮ್ ಕಾರ್ಟರ್ ಬಂದರು, ಅದೇ ವರ್ಷ 'ರೂಯಿನ್' ಆಲ್ಬಮ್‌ನಲ್ಲಿ ಹಾಡಿದರು. ಅಂದಿನಿಂದ ಬ್ಯಾಂಡಿನ ದನಿ ಅವರದೇ.

ಈಗ ಇರುವವರು ನಾಲ್ಕು ಜನ. ಹಾಡುಗಾರಿಕೆ ಸ್ಯಾಮ್ ಕಾರ್ಟರ್, ಡ್ರಮ್ಸ್ ಡ್ಯಾನ್ ಸರ್ಲ್, ಬೇಸ್ ಆಲಿ ಡೀನ್, ಗಿಟಾರ್ ಆಡಮ್ ಕ್ರಿಶ್ಚಿಯನ್‌ಸನ್. 2013ರಿಂದ ಎಪಿಟಾಫ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯ ಜೊತೆಗಿದ್ದಾರೆ.

ಮೆಟಲ್‌ಕೋರ್ ಅಂದರೆ ಏನು?

ಹಾರ್ಡ್‌ಕೋರ್ ಪಂಕ್‌ನ ಸಿಟ್ಟು ಮತ್ತು ವೇಗ, ಮೆಟಲ್‌ನ ಗಿಟಾರ್ ಕೈಚಳಕ. ಗಡುಸು ರಾಕ್‌ನ ಈ ಎರಡು ಬಗೆ ಕೂಡಿದ್ದು ಮೆಟಲ್‌ಕೋರ್. 1990ರ ದಶಕದಲ್ಲಿ ಅಮೆರಿಕದ ಇಂಟೆಗ್ರಿಟಿ, ಅರ್ಥ್ ಕ್ರೈಸಿಸ್, ಕನ್ವರ್ಜ್ ತರದ ಬ್ಯಾಂಡ್‌ಗಳು ಇದಕ್ಕೆ ಅಡಿಪಾಯ ಹಾಕಿದವು. 2000ದ ದಶಕದಲ್ಲಿ ಕಿಲ್‌ಸ್ವಿಚ್ ಎಂಗೇಜ್‌ನಂಥವರು ಅದಕ್ಕೆ ರಾಗವಾಗಿ ಹಾಡುವ ದೊಡ್ಡ ಕೋರಸ್ (ಪಲ್ಲವಿ) ಸೇರಿಸಿ ಜನಪ್ರಿಯ ಮಾಡಿದರು.

ಇದರಲ್ಲಿ ಬ್ರೇಕ್‌ಡೌನ್ ಅಂತ ಒಂದು ಭಾಗ ಬರುತ್ತದೆ. ಓಡುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಅರ್ಧ ವೇಗಕ್ಕೆ ಇಳಿಯುತ್ತದೆ. ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಗಿಟಾರ್ ಒಂದೇ ತಾಳಕ್ಕೆ ಒಟ್ಟಿಗೆ ಬೀಳುತ್ತವೆ, ನಡುವೆ ಖಾಲಿ ಜಾಗ ಇರುತ್ತದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕಾಲಿಗೆ ಒಂದು ಮೆಟ್ಟಿಲು ಸಿಗದೇ ಹೋದಾಗ ಹೊಟ್ಟೆಯಲ್ಲಿ ಏನಾಗುತ್ತದೋ, ಒಳ್ಳೆಯ ಬ್ರೇಕ್‌ಡೌನ್‌ನಲ್ಲೂ ಅದೇ ಆಗುತ್ತದೆ.

ಬೇರೆ ಮೆಟಲ್‌ಕೋರ್ ಬ್ಯಾಂಡ್‌ಗಳಿಗಿಂತ ಇವರು ಹೇಗೆ ಬೇರೆ?

ಡ್ರಮ್ಸ್ ಕೇಳಿ. ಬಹಳ ಜನ ಮೊದಲು ಗಿಟಾರ್ ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿ, ಎಷ್ಟು ಕೆಳಗಿದೆ ಅಂತ ನೋಡುತ್ತಾರೆ. ಕೆಳಗಿರುವುದೇನೋ ನಿಜ. ಆದರೆ ಆ ರೀತಿ ಟ್ಯೂನ್ ಮಾಡುವ ಬ್ಯಾಂಡ್‌ಗಳು ಈಗ ಜಾಸ್ತಿಯೇ ಇವೆ. ಆರ್ಕಿಟೆಕ್ಟ್ಸ್‌ನಲ್ಲಿ ನನಗೆ ವಿಶೇಷ ಅನಿಸುವುದು, ಏಟು ಎಲ್ಲಿ ಬೀಳುತ್ತದೆ ಅನ್ನುವುದಕ್ಕಿಂತ ಎಲ್ಲಿ ಬೀಳುವುದಿಲ್ಲ ಅನ್ನುವುದು. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಒಂದು ಕಡೆ ತಿರುಗುತ್ತದೆ ಅಂದುಕೊಂಡಾಗ ಅರ್ಧ ಮಾತ್ರೆ ತಡೆದು ಬೇರೆ ಕಡೆ ತಿರುಗುತ್ತದೆ. ಇದು ಶುರುವಿನ ದಿನಗಳಿಂದ ಬಂದ ಅಭ್ಯಾಸ. 'ನೈಟ್‌ಮೇರ್ಸ್' ಮತ್ತು 'ರೂಯಿನ್' ಕೇಳಿದರೆ ದಿ ಡಿಲ್ಲಿಂಜರ್ ಎಸ್ಕೇಪ್ ಪ್ಲ್ಯಾನ್ ಬ್ಯಾಂಡಿನ ತರದ ಲೆಕ್ಕಾಚಾರದ ಗಲಾಟೆ ಕಾಣುತ್ತದೆ. ಸುಲಭಕ್ಕೆ ಒಗ್ಗುವ ಹಾಡುಗಳಲ್ಲ ಅವು. ಆಮೇಲೆ ಆ ಲೆಕ್ಕವನ್ನು ಒಳಗೆ ಬಚ್ಚಿಟ್ಟು ಹೊರಗೆ ಸರಳವಾಗಿ ಕಾಣುವ ಹಾಗೆ ಬರೆಯಲು ಕಲಿತರು.

ಎರಡನೆಯದು ಗಿಟಾರಿನ ಮೇಲೆ ತೇಲುವ ವಾತಾವರಣ. ಕೆಳಗೆ ಭಾರದ ರಿಫ್ ನಡೆಯುತ್ತಿದ್ದರೆ ಮೇಲೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು), ತಂತಿವಾದ್ಯ, ದೂರದ ಗಿಟಾರ್ ಎಳೆಗಳು ಹರಡಿಕೊಂಡಿರುತ್ತವೆ. ಹೆಡ್‌ಫೋನ್‌ನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಬರೀ ಗದ್ದಲ ಕೇಳಿಸುತ್ತದೆ, ಆಮೇಲೆ "ಇದರಲ್ಲಿ ಏನಿದೆ" ಅಂತ ಕೇಳುತ್ತೀರಿ.

ಸ್ಯಾಮ್ ಕಾರ್ಟರ್ ಅಷ್ಟು ಕಿರುಚಿದರೆ ಗಂಟಲು ಹಾಳಾಗಲ್ವಾ?

ತಪ್ಪಾಗಿ ಮಾಡಿದರೆ ಖಂಡಿತ ಆಗುತ್ತದೆ. ಸರಿಯಾಗಿ ಮಾಡುವವರು ಗಂಟಲಿನಿಂದ ಒತ್ತುವುದಿಲ್ಲ. ಹೊಟ್ಟೆಯಿಂದ ಉಸಿರಿಗೆ ಬಲ ಕೊಟ್ಟು, ಗಂಟಲನ್ನು ಸಡಿಲ ಬಿಟ್ಟು, ದನಿಯನ್ನು ಅಳತೆಯಾಗಿ ಒರಟು ಮಾಡುತ್ತಾರೆ. ವರ್ಷಗಟ್ಟಲೆ ಅಭ್ಯಾಸ ಬೇಕಾಗುವ ಕೆಲಸ ಇದು. ಸುಮ್ನೆ ಮನೆಯಲ್ಲಿ ಅನುಕರಿಸಲು ಹೋಗಬೇಡಿ. ನೋವು ಬಂದರೆ ಅಲ್ಲೇ ನಿಲ್ಲಿಸಿ.

ಕಾರ್ಟರ್ ಅವರ ಕಿರುಚಾಟದಲ್ಲಿ ಸ್ವರ ಇದೆ. ಗಮನಿಸಿ ಕೇಳಿದರೆ ಆ ಒರಟುತನದ ಒಳಗೆ ರಾಗದ ಏರಿಳಿತ ಸಿಗುತ್ತದೆ, ಪದಗಳೂ ಅರ್ಥವಾಗುತ್ತವೆ. ಹಾಗಾಗಿಯೇ ಮೆಟಲ್ ಕೇಳದವರಿಗೂ ಇವರ ಹಾಡು ಹಿಡಿಸುವುದುಂಟು. ಇಂಗ್ಲೆಂಡಿನದೇ ಇನ್ನೊಂದು ಬ್ಯಾಂಡ್ ಬ್ರಿಂಗ್ ಮೀ ದಿ ಹೊರೈಜನ್‌ನ 2008ರ 'ಸೂಯಿಸೈಡ್ ಸೀಸನ್' ಆಲ್ಬಮ್‌ನಲ್ಲಿ 'ದಿ ಸ್ಯಾಡ್‌ನೆಸ್ ವಿಲ್ ನೆವರ್ ಎಂಡ್' ಅಂತ ಒಂದು ಹಾಡಿದೆ. ಅದರಲ್ಲಿ ಕೇಳುವ ಇನ್ನೊಂದು ದನಿ ಇವರದೇ.

ಅವರು ನಡುನಡುವೆ "ಬ್ಲೆಹ್" ಅಂತಾರಲ್ಲ, ಅದೇನು?

ಬ್ರೇಕ್‌ಡೌನ್ ಬೀಳುವ ಮುಂಚೆ ಬಾಯಿಂದ ಉಗುಳಿದ ಹಾಗೆ ಬರುವ ಸದ್ದು. ಅರ್ಥ ಹುಡುಕಬೇಡಿ. ಶೋನಲ್ಲಿ ಜನ ಅದಕ್ಕಾಗಿ ಕಾಯುತ್ತಾರೆ, ಅವರಿಗಿಂತ ಜೋರಾಗಿ ತಾವೇ ಕೂಗುತ್ತಾರೆ.

ಯಾವ ಆಲ್ಬಮ್‌ನಿಂದ ಕೇಳಲು ಶುರು ಮಾಡಬೇಕು?

2014ರ 'ಲಾಸ್ಟ್ ಫಾರೆವರ್, ಲಾಸ್ಟ್ ಟುಗೆದರ್' ಇಂದ. ಎರಡನೇ ಮಾತಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ಮಾಡಿದ ಆಲ್ಬಮ್ ಇದು. ಮೊದಲ ಹಾಡು 'ಗ್ರೇವ್‌ಡಿಗ್ಗರ್', ಆಮೇಲೆ 'ನೇಸೇಯರ್', 'ಬ್ರೋಕನ್ ಕ್ರಾಸ್'. ಈ ಮೂರು ಕೇಳಿದರೆ ಬ್ಯಾಂಡಿನ ಗುಣ ಗೊತ್ತಾಗುತ್ತದೆ.

ಅದಾದ ಮೇಲೆ 2016ರ 'ಆಲ್ ಅವರ್ ಗಾಡ್ಸ್ ಹ್ಯಾವ್ ಅಬ್ಯಾಂಡನ್ಡ್ ಅಸ್'. ಆಮೇಲೆ 2018ರ 'ಹೋಲಿ ಹೆಲ್'. ಈ ಮೂರನ್ನು ಸಾಲಾಗಿ, ಇದೇ ಕ್ರಮದಲ್ಲಿ ಕೇಳಿ. ಕ್ರಮ ಯಾಕೆ ಮುಖ್ಯ ಅನ್ನುವುದು ಮುಂದಿನ ಉತ್ತರ ಓದಿದರೆ ತಿಳಿಯುತ್ತದೆ.

ಹಳೆಯದು ಬೇಕು ಅನ್ನುವವರು 2009ರ 'ಹಾಲೋ ಕ್ರೌನ್' ಹಿಡಿಯಬಹುದು. ಅದರ ಮೊದಲ ಹಾಡು 'ಅರ್ಲಿ ಗ್ರೇವ್' ಇವತ್ತಿಗೂ ಹಳಸಿಲ್ಲ. ಕಿರುಚಾಟ ಕಷ್ಟ ಅನ್ನುವವರಿಗೆ 2021ರ 'ಫಾರ್ ದೋಸ್ ದ್ಯಾಟ್ ವಿಶ್ ಟು ಎಕ್ಸಿಸ್ಟ್' ಸುಲಭದ ಬಾಗಿಲು. 2011ರ 'ದಿ ಹಿಯರ್ ಆ್ಯಂಡ್ ನೌ' ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಮೆತ್ತಗಾಗಲು ಹೋದರು, ಆಮೇಲೆ ಬ್ಯಾಂಡಿನವರೇ ಅದರಿಂದ ದೂರ ಸರಿದರು. ಮರುವರ್ಷ 'ಡೇಬ್ರೇಕರ್' ತಂದು ಮತ್ತೆ ಹಳೆ ದಾರಿಗೆ ಬಂದರು.

ಟಾಮ್ ಸರ್ಲ್‌ಗೆ ಏನಾಯಿತು?

2016ರ ಆಗಸ್ಟ್ 20ರಂದು ತೀರಿಕೊಂಡರು. ವಯಸ್ಸು 28. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್. ಸುಮಾರು 3 ವರ್ಷ ಕಾಯಿಲೆಯ ಜೊತೆ ಹೋರಾಡಿದ್ದರು, ಆ ಹೊತ್ತಿನಲ್ಲೂ ಬರೆದರು, ರೆಕಾರ್ಡ್ ಮಾಡಿದರು, ಪ್ರವಾಸ ಹೋದರು. ಹೊರಗಿನ ಹೆಚ್ಚಿನವರಿಗೆ ವಿಷಯ ಗೊತ್ತಾಗಿದ್ದು ಅವರು ಹೋದ ಮೇಲೆ.

ಬ್ಯಾಂಡಿನ ಬಹುಪಾಲು ಸಂಗೀತ ಮತ್ತು ಸಾಹಿತ್ಯ ಬರೆಯುತ್ತಿದ್ದವರು ಟಾಮ್. 'ಆಲ್ ಅವರ್ ಗಾಡ್ಸ್' ಬಂದಿದ್ದು 2016ರ ಮೇ 27ಕ್ಕೆ. ಅಂದರೆ ಅವರು ಹೋಗುವ 3 ತಿಂಗಳ ಮುಂಚೆಯೂ ಅಲ್ಲ. ಆಗ ಕೇಳಿದವರಿಗೆ ಅದು ಜಗತ್ತಿನ ಮೇಲಿನ ಸಿಟ್ಟಿನ ಆಲ್ಬಮ್. ಆಗಸ್ಟ್ ಆದ ಮೇಲೆ ಅದೇ ಹಾಡುಗಳು ಬೇರೆಯಾಗಿ ಕೇಳಿಸಿದವು. 'ಗಾನ್ ವಿತ್ ದಿ ವಿಂಡ್' ಹಾಡಿನಲ್ಲಿ ಟಾಮ್ ತಮ್ಮ ಕಾಯಿಲೆಯ ಬಗ್ಗೆಯೇ ಬರೆದಿದ್ದರು. ಅದನ್ನು ವೇದಿಕೆ ಮೇಲೆ ಹಾಡಬೇಕಾದವರು ಕಾರ್ಟರ್, ಹಿಂದೆ ಡ್ರಮ್ಸ್ ಬಾರಿಸಬೇಕಾದವರು ಟಾಮ್ ಅವರ ಅವಳಿ ಡ್ಯಾನ್.

ಟಾಮ್ ಬಗ್ಗೆ ಮಾತಾಡುವಾಗ ಜನ ಅವರ ಸಾವಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಅವರು ಮೊದಲು ಒಬ್ಬ ಅಪರೂಪದ ರಿಫ್ ಬರಹಗಾರ. 2010ರ ದಶಕದ ನಡುವಿನಲ್ಲಿ ಬಂದ ಎಷ್ಟೋ ಬ್ಯಾಂಡ್‌ಗಳ ಗಿಟಾರ್ ಸದ್ದಿನಲ್ಲಿ ಅವರ ಕೈಗುರುತು ಇದೆ. ಸಾವಿನ ಕಥೆ ಗೊತ್ತಿಲ್ಲದೆ 'ಬ್ರೋಕನ್ ಕ್ರಾಸ್' ಕೇಳಿದರೂ ಅದು ಅಷ್ಟೇ ಗಟ್ಟಿ ಹಾಡು.

'ಡೂಮ್ಸ್‌ಡೇ' ಯಾಕೆ ಅಷ್ಟು ಮುಖ್ಯ?

ಟಾಮ್ ಹೋದ ಮೇಲೆ ಬ್ಯಾಂಡ್ ಬಿಡುಗಡೆ ಮಾಡಿದ ಮೊದಲ ಹೊಸ ಹಾಡು ಅದು. 2017ರ ಸೆಪ್ಟೆಂಬರ್‌ನಲ್ಲಿ ಬಂತು. ಟಾಮ್ ಅರ್ಧ ಮಾಡಿಟ್ಟಿದ್ದನ್ನು ಉಳಿದವರು ಮುಗಿಸಿದರು. ಸಾಹಿತ್ಯ ಡ್ಯಾನ್ ಬರೆದರು. ಅಲ್ಲಿಂದ ಮುಂದೆ ಬ್ಯಾಂಡಿನ ಸಾಹಿತ್ಯದ ಹೊಣೆ ಡ್ಯಾನ್ ಮೇಲೆ ಬಿತ್ತು. ತಮ್ಮದೇ ದುಃಖದ ಬಗ್ಗೆ ಬರೆದು, ಅದಕ್ಕೆ ತಾವೇ ತಾಳ ಹಾಕಬೇಕು. ಬೇರೆ ಯಾವ ಬ್ಯಾಂಡ್‌ನಲ್ಲೂ ಇಂಥ ಸ್ಥಿತಿ ನನಗೆ ನೆನಪಾಗುವುದಿಲ್ಲ.

2018ರ ನವೆಂಬರ್ 9ಕ್ಕೆ ಬಂದ 'ಹೋಲಿ ಹೆಲ್' ಪೂರ್ತಿ ಈ ದುಃಖದ ಸುತ್ತ ಇದೆ. ಡ್ಯಾನ್ ಮತ್ತು ಆಗಿನ ಗಿಟಾರ್ ವಾದಕ ಜೋಶ್ ಮಿಡಲ್ಟನ್ ಸೇರಿ ಅದನ್ನು ತಯಾರಿಸಿದರು. ಕೊನೆಯ ಹಾಡು 'ಎ ವೇಸ್ಟೆಡ್ ಹಿಮ್' ಸಮಾಧಾನ ಹೇಳುವುದಿಲ್ಲ. ಎದ್ದು ನಿಲ್ಲುವ ಪ್ರಯತ್ನ ಮಾಡುತ್ತದೆ, ಅಷ್ಟೇ.

2021ರಿಂದ ಇವರು "ಮೆತ್ತಗಾದರು" ಅಂತಾರಲ್ಲ, ನಿಜವಾ?

ಸದ್ದಿನ ಮಟ್ಟಿಗೆ ನಿಜ. 'ಫಾರ್ ದೋಸ್ ದ್ಯಾಟ್ ವಿಶ್ ಟು ಎಕ್ಸಿಸ್ಟ್'ನಲ್ಲಿ 15 ಹಾಡುಗಳಿವೆ. ಬ್ರೇಕ್‌ಡೌನ್ ಕಡಿಮೆ, ರಾಗವಾಗಿ ಹಾಡುವುದು ಜಾಸ್ತಿ, ಆರ್ಕೆಸ್ಟ್ರಾ, ಸಿಂಥ್ ಎಲ್ಲ ಮುಂದೆ ಬಂದಿವೆ. ಬಿಫಿ ಕ್ಲೈರೋದ ಸೈಮನ್ ನೀಲ್, ರಾಯಲ್ ಬ್ಲಡ್‌ನ ಮೈಕ್ ಕೆರ್, ಪಾರ್ಕ್‌ವೇ ಡ್ರೈವ್‌ನ ವಿನ್‌ಸ್ಟನ್ ಮೆಕಾಲ್ ಅತಿಥಿಗಳಾಗಿ ಹಾಡಿದ್ದಾರೆ. ಅದು ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಬ್ಯಾಂಡಿಗೆ ಅದೇ ಮೊದಲ ಸಲ. 'ಆ್ಯನಿಮಲ್ಸ್' ಹಾಡಿನಿಂದಲೇ ಇವರನ್ನು ಕೇಳಲು ಶುರು ಮಾಡಿದವರು ಬಹಳ ಜನ ಇದ್ದಾರೆ.

2022ರ 'ದಿ ಕ್ಲಾಸಿಕ್ ಸಿಂಪ್ಟಮ್ಸ್ ಆಫ್ ಎ ಬ್ರೋಕನ್ ಸ್ಪಿರಿಟ್' ಇನ್ನೂ ಒಂದು ಹೆಜ್ಜೆ ಆಚೆ ಹೋಯಿತು. ಇಂಡಸ್ಟ್ರಿಯಲ್ ಸದ್ದು (ಯಂತ್ರಗಳ ಹಾಗೆ ಕೇಳುವುದು), ಎಲೆಕ್ಟ್ರಾನಿಕ್ ಬೀಟ್, ಚಿಕ್ಕ ಚಿಕ್ಕ ಹಾಡುಗಳು. 'ಡೀಪ್ ಫೇಕ್', 'ಟಿಯರ್ ಗ್ಯಾಸ್' ಚೆನ್ನಾಗಿವೆ. ಆಲ್ಬಮ್ ಒಟ್ಟಾಗಿ ನನ್ನ ಕೈ ಹಿಡಿಯಲಿಲ್ಲ. ಕೋರಸ್‌ಗಳು ಒಂದರ ಹಾಗೆ ಇನ್ನೊಂದು.

ಆದರೆ "ಮೆತ್ತಗಾದರು" ಅನ್ನುವ ದೂರಿನ ಹಿಂದೆ ಒಂದು ವಿಚಿತ್ರ ಬೇಡಿಕೆ ಇದೆ. 'ಹೋಲಿ ಹೆಲ್' ಅಷ್ಟು ಭಾರವಾಗಿದ್ದು ಅವರ ಮನೆಯಲ್ಲಿ ಸಾವಾಗಿತ್ತು ಅಂತ. ಪ್ರತಿ 2 ವರ್ಷಕ್ಕೊಮ್ಮೆ ಅದೇ ಭಾರ ತನ್ನಿ ಅಂತ ಯಾರನ್ನಾದರೂ ಕೇಳಲು ಆಗುತ್ತದಾ? ಹಾಡು ಹಿಡಿಸಲಿಲ್ಲ ಅನ್ನಿ, ಅದು ನಿಮ್ಮ ಹಕ್ಕು. ಮತ್ತೆ ನೊಂದುಕೊಳ್ಳಿ ಅನ್ನುವುದು ಬೇರೆ ಮಾತು.

ಹೊಸ ಆಲ್ಬಮ್ ಯಾವುದು?

'ದಿ ಸ್ಕೈ, ದಿ ಅರ್ಥ್ ಆ್ಯಂಡ್ ಆಲ್ ಬಿಟ್ವೀನ್'. 2025ರ ಫೆಬ್ರವರಿ 28ಕ್ಕೆ ಬಂತು. ಬ್ಯಾಂಡಿನ 11ನೇ ಸ್ಟುಡಿಯೋ ಆಲ್ಬಮ್, 12 ಹಾಡುಗಳು. 'ಎಲಿಜಿ' ಇಂದ ಶುರುವಾಗಿ 'ಶಾಂಡೆಲಿಯರ್'ಗೆ ಮುಗಿಯುತ್ತದೆ.

ಈ ಆಲ್ಬಮ್ ಬಂದ ರೀತಿ ಸ್ವಲ್ಪ ಬೇರೆ. ಹಾಡುಗಳು ಒಂದೊಂದಾಗಿ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ತೊಟ್ಟಿಕ್ಕಿದವು. 'ಸೀಯಿಂಗ್ ರೆಡ್' 2023ರ ಡಿಸೆಂಬರ್‌ನಲ್ಲೇ ಬಂದಿತ್ತು. 'ಕರ್ಸ್' 2024ರ ಏಪ್ರಿಲ್‌ನಲ್ಲಿ, 'ವಿಪ್‌ಲ್ಯಾಶ್' ಅದೇ ವರ್ಷ ಅಕ್ಟೋಬರ್‌ನಲ್ಲಿ. ಪೂರ್ತಿ ಆಲ್ಬಮ್ ಕೈಗೆ ಬರುವ ಹೊತ್ತಿಗೆ ಅಭಿಮಾನಿಗಳಿಗೆ ಹಲವು ಹಾಡುಗಳು ಬಾಯಿಪಾಠ ಆಗಿದ್ದವು. ಸ್ಟ್ರೀಮಿಂಗ್ ಕಾಲದಲ್ಲಿ ಇದು ಎಲ್ಲರೂ ಮಾಡುವುದೇ. ಆದರೂ ಆಲ್ಬಮ್ ಒಂದನ್ನು ಮೊದಲಿಂದ ಕೊನೆವರೆಗೆ ಹೊಸದಾಗಿ ಕೇಳುವ ಸುಖ ಇದರಿಂದ ಕಡಿಮೆಯಾಗುತ್ತದೆ ಅಂತ ನನ್ನ ತಕರಾರು.

ಅದು ಮತ್ತೆ ಹಳೆಯ ಭಾರದ ಸಂಗೀತಕ್ಕೆ ಮರಳಿದ ಆಲ್ಬಮ್ ಅಂತಾರೆ. ಹೌದಾ?

ಅರ್ಧ ಹೌದು. 'ವಿಪ್‌ಲ್ಯಾಶ್', 'ಬ್ಲ್ಯಾಕ್‌ಹೋಲ್', 'ಬ್ರೇನ್ ಡೆಡ್', 'ಸೀಯಿಂಗ್ ರೆಡ್' ಇವು ಹಿಂದಿನ ಎರಡು ಆಲ್ಬಮ್‌ಗಳಲ್ಲಿ ಇಲ್ಲದಷ್ಟು ಒರಟು. 'ಬ್ರೇನ್ ಡೆಡ್'ನಲ್ಲಿ ಹೌಸ್ ಆಫ್ ಪ್ರೊಟೆಕ್ಷನ್ ಜೋಡಿ ಸೇರಿಕೊಂಡಿದೆ, ಅದರಲ್ಲಿ ಪಂಕ್‌ನ ಹುಚ್ಚು ಓಟ ಇದೆ. ಆದರೆ 'ಎವ್ರಿಥಿಂಗ್ ಎಂಡ್ಸ್' ದೊಡ್ಡ ಕ್ರೀಡಾಂಗಣದಲ್ಲಿ ಎಲ್ಲರೂ ಕೂಡಿ ಹಾಡಲಿ ಅಂತಲೇ ಬರೆದ ಹಾಡು. 'ಬ್ರೋಕನ್ ಮಿರರ್' ಮೆಲ್ಲಗೆ ನಡೆಯುತ್ತದೆ. 'ಜಡ್ಜ್‌ಮೆಂಟ್ ಡೇ'ಯಲ್ಲಿ ಅಮೀರಾ ಎಲ್‌ಫೆಕಿ ಅವರ ದನಿ ಹಾಡನ್ನು ಬೇರೆಯೇ ಬಣ್ಣಕ್ಕೆ ತಿರುಗಿಸುತ್ತದೆ.

ನನಗೆ ಈ ಆಲ್ಬಮ್‌ನ ತಿರುಳು ಅನಿಸಿದ್ದು 'ಸೀಯಿಂಗ್ ರೆಡ್'. ನಾವು ಕೋಪದಲ್ಲಿದ್ದರೆ ಮಾತ್ರ ನಿಮಗೆ ಪ್ರೀತಿ ಅಲ್ವಾ ಅಂತ ಅದು ಕೇಳುಗರನ್ನೇ ಕೆಣಕುತ್ತದೆ. ತಮಾಷೆ ಏನೆಂದರೆ, ಭಾರ ಸಾಲದು ಅಂತ ದೂರುವವರಿಗೆ ಕೊಟ್ಟ ಉತ್ತರವೇ ವರ್ಷಗಳಲ್ಲಿ ಅವರು ಮಾಡಿದ ಅತಿ ಭಾರದ ಹಾಡುಗಳಲ್ಲಿ ಒಂದು. ದೂರಿದವರೇ ಅದನ್ನು ಎದೆಗೆ ಅಪ್ಪಿಕೊಂಡರು. ಹಾಡು ಹೇಳಿದ್ದು ನಿಜ ಅಂತ ಅವರೇ ಸಾಬೀತು ಮಾಡಿದರು.

ದೌರ್ಬಲ್ಯ ಇಲ್ಲವೇ? ಇದೆ. ಎಲ್ಲ ಬಹಳ ಹೊಳಪು. ಒಂದೊಂದು ಏಟೂ ಅಳತೆ ಹಿಡಿದು ಇಟ್ಟ ಹಾಗಿದೆ. 'ಹಾಲೋ ಕ್ರೌನ್' ಕಾಲದಲ್ಲಿ ಹಾಡು ಈಗ ಹಳಿ ತಪ್ಪುತ್ತದೇನೋ ಅನ್ನುವ ಭಯ ಇರುತ್ತಿತ್ತು. ಆ ಭಯ ಇಲ್ಲಿಲ್ಲ. 'ಲ್ಯಾಂಡ್‌ಮೈನ್ಸ್' ಎರಡು ಸಲ ಕೇಳಿದ ಮೇಲೆ ನಾನು ದಾಟಿಸಿಬಿಡುತ್ತೇನೆ.

ಜೋರ್ಡನ್ ಫಿಶ್ ಯಾರು? ಅವರ ಹೆಸರು ಯಾಕೆ ಪದೇ ಪದೇ ಬರುತ್ತದೆ?

ಈ ಆಲ್ಬಮ್‌ನ ನಿರ್ಮಾಪಕ. ಮೊದಲು ಬ್ರಿಂಗ್ ಮೀ ದಿ ಹೊರೈಜನ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಆ ಬ್ಯಾಂಡ್ ಮೆಟಲ್‌ಕೋರ್‌ನಿಂದ ಪಾಪ್, ಎಲೆಕ್ಟ್ರಾನಿಕ್ ಕಡೆ ತಿರುಗಿದ್ದರಲ್ಲಿ ಇವರ ಪಾತ್ರ ದೊಡ್ಡದು. 2023ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಬಂದರು. ಆರ್ಕಿಟೆಕ್ಟ್ಸ್ ಇನ್ನು ಬ್ರಿಂಗ್ ಮೀ ದಿ ಹೊರೈಜನ್ ಹಾಗೇ ಕೇಳಿಸುತ್ತದೆ ಅಂತ ಜನ ಹೆದರಿದ್ದು ಅದಕ್ಕೇ. ಕೆಲವು ಕಡೆ ಹಾಗೆ ಕೇಳಿಸುವುದು ಹೌದು. 'ಕರ್ಸ್'ನಲ್ಲಿ ಸಿಂಥ್ ಮತ್ತು ದನಿಯ ತುಣುಕುಗಳನ್ನು ಪೋಣಿಸಿದ ರೀತಿ ನೋಡಿ. ಆದರೆ ಡ್ಯಾನ್ ಅವರ ಡ್ರಮ್ಸ್ ಅಡಿಯಲ್ಲಿ ಇರುವವರೆಗೆ ಅದು ಬೇರೆ ಬ್ಯಾಂಡ್ ಆಗುವುದಿಲ್ಲ.

ಜೋಶ್ ಮಿಡಲ್ಟನ್ ಯಾಕೆ ಬಿಟ್ಟರು?

ತಮ್ಮದೇ ಬ್ಯಾಂಡ್ ಸೈಲೋಸಿಸ್‌ಗಾಗಿ. 2017ರಲ್ಲಿ ಸೇರಿದರು, 2023ರ ಮೇ ತಿಂಗಳಲ್ಲಿ ಹೊರಟರು. ಜಗಳ ಹುಡುಕಬೇಡಿ.

ಹಾಡುಗಳಲ್ಲಿ ಏನು ಹೇಳುತ್ತಾರೆ?

ಟಾಮ್ ಕಾಲದಲ್ಲಿ ರಾಜಕೀಯ, ಧರ್ಮದ ಹೆಸರಿನ ಮೋಸ, ದೊಡ್ಡ ಕಂಪನಿಗಳ ದುರಾಸೆ, ಪರಿಸರ. 'ಡೇಬ್ರೇಕರ್' ಆಲ್ಬಮ್‌ನ 'ಡೆವಿಲ್ಸ್ ಐಲ್ಯಾಂಡ್' 2011ರ ಇಂಗ್ಲೆಂಡ್ ಗಲಭೆಗಳ ಬಗ್ಗೆ. ಡ್ಯಾನ್ ಬರೆಯಲು ಶುರು ಮಾಡಿದ ಮೇಲೆ ದನಿ ಒಳಮುಖವಾಯಿತು. ಮೊದಲು ದುಃಖ, ಆಮೇಲೆ ಹವಾಮಾನ ಬದಲಾವಣೆ. ಅದರಲ್ಲೂ "ಬೇರೆಯವರು ತಪ್ಪು ಮಾಡುತ್ತಿದ್ದಾರೆ" ಅನ್ನುವುದಕ್ಕಿಂತ "ನಾನೂ ಅದರಲ್ಲಿ ಪಾಲುದಾರ" ಅನ್ನುವ ಇರುಸುಮುರುಸು. 'ಬ್ಲ್ಯಾಕ್ ಲಂಗ್ಸ್' ಕೇಳಿ. 'ವಿಪ್‌ಲ್ಯಾಶ್'ನ ಗುರಿ ಇಂಟರ್ನೆಟ್‌ನಲ್ಲಿ ಗುಂಪು ಕಟ್ಟಿಕೊಂಡು ಕಚ್ಚಾಡುವ ನಮ್ಮ ಚಟ.

ಬ್ಯಾಂಡಿನವರು ಸಮುದ್ರ ಜೀವಿಗಳ ರಕ್ಷಣೆಗೆ ಕೆಲಸ ಮಾಡುವ ಸೀ ಶೆಫರ್ಡ್ ಸಂಸ್ಥೆಯ ಬೆಂಬಲಿಗರು. ವೀಗನ್ ಊಟದ (ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಪರವಾಗಿಯೂ ಮಾತಾಡುತ್ತಾ ಬಂದಿದ್ದಾರೆ. ವೇದಿಕೆ ಮೇಲೆ ಭಾಷಣ ಬರುತ್ತದೆ, ಉದ್ದ ಇರುವುದಿಲ್ಲ.

ಪ್ರವಾಸದ ವಿಷಯಕ್ಕೆ ಬರೋಣ. ಇವರು ಎಷ್ಟು ದೊಡ್ಡ ಜಾಗಗಳಲ್ಲಿ ನುಡಿಸುತ್ತಾರೆ?

ಶುರುವಿನಲ್ಲಿ ವ್ಯಾನ್ ಹತ್ತಿ ಸಣ್ಣ ಸಣ್ಣ ಕ್ಲಬ್‌ಗಳಲ್ಲಿ ನುಡಿಸಿದವರು. ಆ ದಿನಗಳನ್ನು ನೋಡಬೇಕಿದ್ದರೆ 'ಒನ್ ಹಂಡ್ರೆಡ್ ಡೇಸ್' ಎಂಬ ಸಾಕ್ಷ್ಯಚಿತ್ರ ಇದೆ, 2013ರದ್ದು. ಅದಕ್ಕೆ ದುಡ್ಡು ಕೊಟ್ಟವರು ಅಭಿಮಾನಿಗಳೇ. ಪ್ರವಾಸ ಅಂದರೆ ಮಜಾ ಅಂದುಕೊಂಡವರು ಅದನ್ನು ನೋಡಬೇಕು. ನಿದ್ದೆ ಇಲ್ಲ, ಖಾಸಗಿತನ ಇಲ್ಲ, ಗಂಟೆಗಟ್ಟಲೆ ಕಾಯುವುದು, ಕೊನೆಗೆ ಒಂದಿಷ್ಟು ಹೊತ್ತು ವೇದಿಕೆ.

2018ರ ಫೆಬ್ರವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಹೆಡ್‌ಲೈನ್ ಮಾಡಿದರು, ಅಂದರೆ ಮುಖ್ಯ ಬ್ಯಾಂಡ್ ಆಗಿ ನುಡಿಸಿದರು. ಸುಮಾರು 10,000 ಜನ ಹಿಡಿಯುವ ಜಾಗ ಅದು, ಅಲ್ಲಿಯವರೆಗಿನ ಅವರ ಅತಿ ದೊಡ್ಡ ಶೋ. ಟಾಮ್ ಹೋಗಿ ಒಂದೂವರೆ ವರ್ಷ ಆಗಿತ್ತು. ಮರುವರ್ಷ ಜನವರಿಯಲ್ಲಿ ವೆಂಬ್ಲಿ ಅರೀನಾ.

ಮೆಟಾಲಿಕಾ ಜೊತೆ ಹೋಗಿದ್ದರಂತೆ?

ಹೌದು. ಎಂ72 ವಿಶ್ವ ಪ್ರವಾಸದ ಯುರೋಪ್ ಶೋಗಳಲ್ಲಿ, 2023 ಮತ್ತು 2024ರಲ್ಲಿ. ಆ ಪ್ರವಾಸದ ಕ್ರಮವೇ ಬೇರೆ. ಒಂದೊಂದು ಊರಿನಲ್ಲಿ ಎರಡು ರಾತ್ರಿ, ಎರಡೂ ರಾತ್ರಿ ಬೇರೆ ಹಾಡುಗಳು, ಬೇರೆ ಸಪೋರ್ಟ್ ಬ್ಯಾಂಡ್‌ಗಳು (ಮುಖ್ಯ ಬ್ಯಾಂಡಿಗೆ ಮುಂಚೆ ನುಡಿಸುವವರು). ವೇದಿಕೆ ಕ್ರೀಡಾಂಗಣದ ನಡುಮಧ್ಯೆ ಬಳೆಯ ಆಕಾರದಲ್ಲಿ ಇರುತ್ತದೆ, ಸುತ್ತಲೂ ಜನ. ಬೆನ್ನು ಅಡಗಿಸಲು ಜಾಗವೇ ಇಲ್ಲ. ಒಂದು ಕಡೆ ತಿರುಗಿ ಹಾಡಿದರೆ ಇನ್ನೊಂದು ಕಡೆಯವರು ನಿಮ್ಮ ಬೆನ್ನು ನೋಡುತ್ತಾರೆ. ಸ್ಯಾಮ್ ಕಾರ್ಟರ್ ಓಡುತ್ತಲೇ ಇರಬೇಕಾಗುತ್ತದೆ. ಕಿರುಚುತ್ತಾ ಓಡುವುದು ಎಷ್ಟು ಕಷ್ಟ ಅಂತ ಯೋಚಿಸಿ.

2025ರಲ್ಲಿ ಲಿಂಕಿನ್ ಪಾರ್ಕ್‌ನ 'ಫ್ರಮ್ ಝೀರೋ' ವಿಶ್ವ ಪ್ರವಾಸಕ್ಕೆ ಘೋಷಿಸಿದ ಸಪೋರ್ಟ್ ಬ್ಯಾಂಡ್‌ಗಳಲ್ಲೂ ಇವರ ಹೆಸರಿತ್ತು.

ಸಪೋರ್ಟ್ ಶೋ ನೋಡಬೇಕಾ, ಹೆಡ್‌ಲೈನ್ ಶೋ ನೋಡಬೇಕಾ?

ಆಯ್ಕೆ ಇದ್ದರೆ ಹೆಡ್‌ಲೈನ್. ಸಪೋರ್ಟ್ ಬ್ಯಾಂಡಿಗೆ ಸಮಯ ಕಡಿಮೆ. ಇನ್ನೂ ಬೆಳಕಿರುವಾಗ, ಜನ ಒಳಗೆ ಬರುತ್ತಿರುವಾಗ, ತಮ್ಮನ್ನು ಕೇಳದವರ ಮುಂದೆ ನುಡಿಸಬೇಕು. ಆಗ ಗೊತ್ತಿರುವ ಹಿಟ್ ಹಾಡುಗಳನ್ನೇ ಆರಿಸುತ್ತಾರೆ. ಲೈಟ್, ಸೌಂಡ್ ಕೂಡ ಮುಖ್ಯ ಬ್ಯಾಂಡಿಗೆ ಹೊಂದಿಸಿರುತ್ತಾರೆ. ಹೆಡ್‌ಲೈನ್ ಶೋನಲ್ಲಿ ಬ್ಯಾಂಡ್ ತನ್ನ ಮನೆಯಲ್ಲಿ ಇರುತ್ತದೆ. ಏರಿಳಿತ ಇರುತ್ತದೆ, ನಿಧಾನದ ಹಾಡಿಗೂ ಜಾಗ ಸಿಗುತ್ತದೆ.

ದಿನಾಂಕ ಮತ್ತು ಟಿಕೆಟ್‌ಗೆ ಬ್ಯಾಂಡಿನ ಅಧಿಕೃತ ವೆಬ್‌ಸೈಟ್ ನೋಡುವುದೇ ಒಳ್ಳೆಯದು. ಮರುಮಾರಾಟದವರ ಕೈಗೆ ಸಿಕ್ಕಿಬೀಳಬೇಡಿ. ಬ್ಯಾಂಡಿಗೆ ನೇರವಾಗಿ ನೆರವಾಗಬೇಕು ಅನಿಸಿದರೆ ಟಿ-ಶರ್ಟ್ ಅಥವಾ ವಿನೈಲ್ ರೆಕಾರ್ಡ್ ಕೊಳ್ಳಿ. ಸ್ಟ್ರೀಮಿಂಗ್‌ನಿಂದ ಬರುವುದು ಪುಡಿಗಾಸು.

ಪಿಟ್ ಅಂದರೆ ಹೆದರಿಕೆ. ಹೋಗಬಹುದಾ?

ಹೋಗಬಹುದು, ಹೋಗದೆಯೂ ಇರಬಹುದು. ಮಾಷ್ ಪಿಟ್, ಅಂದರೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಕುಣಿಯುವ ಜಾಗ, ಸಾಮಾನ್ಯವಾಗಿ ವೇದಿಕೆಯ ಮುಂದೆ ನಡುವಿನಲ್ಲಿ ಆಗುತ್ತದೆ. ಪಕ್ಕಕ್ಕೋ ಹಿಂದಕ್ಕೋ ನಿಂತರೆ ಯಾರೂ ಮುಟ್ಟುವುದಿಲ್ಲ. ಸೌಂಡ್ ಕೂಡ ಅಲ್ಲೇ ಚೆನ್ನಾಗಿರುತ್ತದೆ, ಮಿಕ್ಸ್ ಮಾಡುವ ಡೆಸ್ಕ್ ಇರುವ ಕಡೆ. ಒಳಗೆ ಹೋದರೆ ಒಂದು ನಿಯಮ ನೆನಪಿಡಿ: ಯಾರಾದರೂ ಬಿದ್ದರೆ ತಕ್ಷಣ ಎತ್ತಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಶೂ ದಾರ ಬಿಗಿಯಾಗಿ ಕಟ್ಟಿ. ಕನ್ನಡಕ ತೆಗೆದಿಡಿ.

ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಇದಕ್ಕೆ ನಾಚಿಕೆ ಬೇಡ. ಒಮ್ಮೆ ಹಾಳಾದ ಕಿವಿ ಮತ್ತೆ ಸರಿಯಾಗುವುದಿಲ್ಲ. ಸಂಗೀತಕ್ಕೆ ಅಂತಲೇ ಮಾಡಿದ ಪ್ಲಗ್‌ಗಳು ಸದ್ದಿನ ಮಟ್ಟ ಮಾತ್ರ ಇಳಿಸುತ್ತವೆ, ಮಾತು ಮತ್ತು ರಾಗ ಸ್ಪಷ್ಟವಾಗಿ ಕೇಳುತ್ತವೆ.

ಹೆಂಗಸರಿಗೆ ಇಂಥ ಶೋಗಳು ಸುರಕ್ಷಿತವಾ?

ಎಲ್ಲ ಕಡೆ, ಎಲ್ಲ ಸಲ ಹೌದು ಅಂತ ಹೇಳಿದರೆ ಸುಳ್ಳಾಗುತ್ತದೆ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೋಲ್ಯಾಂಡ್ಸ್ ಉತ್ಸವದಲ್ಲಿ ಆರ್ಕಿಟೆಕ್ಟ್ಸ್ ನುಡಿಸುತ್ತಿದ್ದಾಗ, ಜನ ಕೈಗಳಿಂದ ಎತ್ತಿಹಿಡಿದು ತಲೆ ಮೇಲೆ ಸಾಗಿಸುತ್ತಿದ್ದ ಹುಡುಗಿಯ ಮೈಮೇಲೆ ಒಬ್ಬ ಕೈ ಹಾಕಿದ. ಸ್ಯಾಮ್ ಕಾರ್ಟರ್ ಅದನ್ನು ವೇದಿಕೆಯಿಂದ ಕಂಡರು. ಹಾಡುಗಳ ನಡುವೆ ಮೈಕಿನಲ್ಲೇ ಅವನನ್ನು ಉಗಿದು, ಇಂಥವರಿಗೆ ಇಲ್ಲಿ ಜಾಗ ಇಲ್ಲ ಅಂತ ಖಡಕ್ಕಾಗಿ ಹೇಳಿದರು. ಆ ವಿಡಿಯೋ ಜಗತ್ತೆಲ್ಲ ಓಡಾಡಿತು. ಅದಾದ ಮೇಲೆ ಬೇರೆ ಬ್ಯಾಂಡ್‌ಗಳ ಶೋಗಳಲ್ಲೂ ಈ ಮಾತು ಬರತೊಡಗಿತು. ನಿಮಗೆ ಹಾಗೇನಾದರೂ ಆದರೆ ತಡೆಗೋಡೆಯ ಹತ್ತಿರ ನಿಂತ ಸೆಕ್ಯುರಿಟಿಯವರಿಗೆ ಕೂಡಲೇ ಹೇಳಿ. ಪಕ್ಕದವರ ನೆರವು ಕೇಳಲು ಹಿಂಜರಿಯಬೇಡಿ.

ಶೋಗೆ ಹೋಗಲು ಆಗಲ್ಲ. ಲೈವ್ ರೆಕಾರ್ಡಿಂಗ್ ಏನಾದರೂ ಇದೆಯಾ?

ಎರಡು ಇವೆ, ಎರಡೂ ಕೇಳುವಂಥವು. 2020ರ ನವೆಂಬರ್ 21ಕ್ಕೆ ಕೋವಿಡ್ ನಡುವೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಬ್ಬ ಪ್ರೇಕ್ಷಕರೂ ಇಲ್ಲದೆ ನುಡಿಸಿ ನೇರ ಪ್ರಸಾರ ಮಾಡಿದರು. 5,000ಕ್ಕೂ ಜಾಸ್ತಿ ಜನ ಕೂರುವ ಆ ಗುಂಡನೆಯ ಸಭಾಂಗಣದಲ್ಲಿ ಬರೀ ಬೆಳಕು ಮತ್ತು ಖಾಲಿ ಕುರ್ಚಿ. ಹಾಡು ಮುಗಿದಾಗ ಚಪ್ಪಾಳೆ ಇಲ್ಲ. ಮೊದಲು ಮುಜುಗರ ಆಗುತ್ತದೆ. ಆಮೇಲೆ ಅದೇ ಅದರ ಗುಣ ಅನಿಸುತ್ತದೆ.

ಇನ್ನೊಂದು ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಮಾಡಿದ್ದು. 'ಫಾರ್ ದೋಸ್ ದ್ಯಾಟ್ ವಿಶ್ ಟು ಎಕ್ಸಿಸ್ಟ್' ಆಲ್ಬಮ್ ಪೂರ್ತಿ ಪ್ಯಾರಲಾಕ್ಸ್ ಆರ್ಕೆಸ್ಟ್ರಾ ಜೊತೆ, ಸೈಮನ್ ಡಾಬ್ಸನ್ ನಿರ್ದೇಶನದಲ್ಲಿ. 2022ರಲ್ಲಿ ಬಿಡುಗಡೆಯಾಯಿತು. ಮೆಟಲ್ ಬ್ಯಾಂಡ್ ಆರ್ಕೆಸ್ಟ್ರಾ ಜೊತೆ ಸೇರಿದರೆ ಎಷ್ಟೋ ಸಲ ಪಿಟೀಲುಗಳು ಗಿಟಾರಿನ ಹಿಂದೆ ಮುಳುಗಿ ಹೋಗುತ್ತವೆ. ಇಲ್ಲಿ ಹಾಗಾಗಿಲ್ಲ. ಮೂಲ ಆಲ್ಬಮ್ ಹಿಡಿಸದವರು ಇದನ್ನು ಒಮ್ಮೆ ಕೇಳಿ ನೋಡಿ.

ಇವರು ಇಷ್ಟವಾದರು. ಮುಂದೆ ಯಾರನ್ನು ಕೇಳಲಿ?

ರಿಫ್‌ಗಾಗಿ ಇಷ್ಟವಾಗಿದ್ದರೆ ಜೋಶ್ ಮಿಡಲ್ಟನ್ ಅವರ ಸೈಲೋಸಿಸ್. ಎಲ್ಲರೂ ಕೂಡಿ ಹಾಡುವ ಕೋರಸ್‌ಗಾಗಿ ಆಸ್ಟ್ರೇಲಿಯಾದ ಪಾರ್ಕ್‌ವೇ ಡ್ರೈವ್, ಇಲ್ಲವೇ ಶೆಫೀಲ್ಡ್‌ನ ವೈಲ್ ಶೀ ಸ್ಲೀಪ್ಸ್. ವಾತಾವರಣ ಮತ್ತು ದನಿಗಾಗಿ ಕೆನಡಾದ ಸ್ಪಿರಿಟ್‌ಬಾಕ್ಸ್. ಅಲ್ಲಿ ಕೋರ್ಟ್ನಿ ಲಪ್ಲಾಂಟ್ ಒಬ್ಬರೇ ರಾಗವನ್ನೂ ಕಿರುಚಾಟವನ್ನೂ ನಿಭಾಯಿಸುವುದು ಕೇಳಬೇಕು. 'ನೈಟ್‌ಮೇರ್ಸ್' ಕಾಲದ ಹುಚ್ಚುತನವೇ ಬೇಕು ಅನ್ನುವವರು ಕನ್ವರ್ಜ್‌ನ 2001ರ 'ಜೇನ್ ಡೋ' ಹಾಕಿ. ಮೊದಲ ಸಲ ಏನೂ ಅರ್ಥವಾಗದಿದ್ದರೆ ಗಾಬರಿ ಬೇಡ, ಮೂರನೇ ಸಲಕ್ಕೆ ಡ್ರಮ್ಸ್ ಸದ್ದಿನ ಜಾಡು ಹಿಡಿದು ಕೇಳಿ.